ಮೂರು ನಿಮಿಷದ ಮಿತಿ

ಫೋನಿನಲ್ಲಿ ಜಾಗ ಕಡಿಮೆಯೆಂದು ಸ್ಕ್ರೀನ್ ರೆಕಾರ್ಡಿಂಗ್ ಆ್ಯಪ್‌ಗೆ ಮೂರು ನಿಮಿಷದ ಮಿತಿ ಇಟ್ಟವಳು ನಾನೇ. ಮಂಡಿ ನೋವಿನ ಅಜ್ಜಿ ಮಾನ್ವಿಯಲ್ಲಿ ನಡೆಯುವ ನನ್ನ ತಂಗಿಯ ಮದುವೆಗೆ ಬರುವಂತಿರಲಿಲ್ಲ. ಅಜ್ಜಿಯ ಸೋಬಾನೆ ಪದವಾದರೂ ಇರಲೆಂದು ರಾಯಚೂರಿನಿಂದ ಗಬ್ಬೂರಿನಲ್ಲಿದ್ದ ಅವಳಿಗೆ ವಿಡಿಯೊ ಕಾಲ್ ಮಾಡಿ ರೆಕಾರ್ಡಿಂಗ್ ಒತ್ತಿದೆ.

ಅಜ್ಜಿ ಕ್ಷೇಮ ಕೇಳದೆ ಹಾಡುವವಳಲ್ಲ. "ಉಂಡ್ಯಾ? ಕೆಮ್ಮು ಹೋತಾ? ಬೀಗರ ಮನಿಯಾಗ ಎಲ್ಲಾರೂ ಆರಾಮ ಅದಾರ?" ಮೂಲೆಯಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಎರಡು ನಿಮಿಷ ದಾಟಿದಾಗ ಮಿತಿ ನೆನಪಾಯಿತು. ಕ್ಷೇಮ ಕೇಳುವ ಹಿರಿಯಳಿಗೆ ಸಾಕು ಎನ್ನುವುದು ಹೇಗೆ? ಅವಳು ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿಕೊಂಡಳು. ರೆಕಾರ್ಡಿಂಗ್ ನಿಂತೇಬಿಟ್ಟಿತು. ಮತ್ತೆ ಒತ್ತಿದರೆ ಜಾಗವಿಲ್ಲ ಎಂದಿತು, ದರಿದ್ರ ಫೋನು! ಸೋಬಾನೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಅಪಶಕುನವೆಂದು ಬಾಯಿ ಮುಚ್ಚಿಕೊಂಡು ಕೂತೆ.

ಹಾಡು ಮುಗಿದಾಗ ಅವಳಿಗೆ ಉಬ್ಬಸ ಬಂದಿತ್ತು. ಇನ್ನೊಮ್ಮೆ ಹಾಡು ಎನ್ನಲು ಮನಸ್ಸಾಗಲಿಲ್ಲ.

"ಫೋನಿನ್ಯಾಗ ಬಂತೇನಬೇ?"

"ಎಲ್ಲಾ ಬಂತು ಯವ್ವಾ" ಎಂದು ಸುಳ್ಳು ಹೇಳಿದೆ.

ಅಜ್ಜಿ ಮುಖವನ್ನು ಫೋನಿಗೆ ಹತ್ತಿರ ತಂದಳು. "ಹಂಗಾದ್ರ ಈಗ ಹಚ್ಚಬೇ. ನನ್ನ ದನಿ ಹೆಂಗದ ಅಂತ ನಾ ಒಮ್ಮಿನೂ ಕೇಳಿಲ್ಲ."