ಮೆಟ್ಟಿಲುಗಳ ಪುಸ್ತಕ ಓದಿದವನು

ನಮ್ಮ ಲೈಬ್ರರಿಯ ಬೈಂಡರನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವನು ಗೋಂದಣ್ಣ. ಮೂವತ್ನಾಲ್ಕು ವರ್ಷ ಗೋಂದಿನಲ್ಲೇ ಕೈ ಅದ್ದಿಕೊಂಡು ಕೂತವನನ್ನು ಇನ್ನೇನಂತ ಕರೆಯೋದು? ನಾನು ಕೌಂಟರಿನಲ್ಲಿ ಕೂತು ಪುಸ್ತಕ ಕೊಡುವವಳು, ವಾಪಸ್ಸು ತಗೊಳ್ಳುವವಳು. ಇಪ್ಪತ್ತೈದು ವರ್ಷ ಅವನ ಕಾಟ ಸಹಿಸಿಕೊಂಡಿದ್ದೇನೆ. ಕಾಟ ಅಂದರೆ ಇಷ್ಟೇ: ಪ್ರತಿ ಸೋಮವಾರ ಯಾರೂ ಕೇಳದ ಒಂದು ಪುಸ್ತಕ ತಂದು ನನ್ನ ಮುಂದೆ ಕುಕ್ಕುತ್ತಿದ್ದ. “ಇದನ್ನ ಓದು ಮೇಡಮ್ಮ.”

ಕಥೆ, ಕಾದಂಬರಿ ಅವನು ತರುತ್ತಿರಲಿಲ್ಲ. “ಅವಕ್ಕೆ ಜನ ಇದಾರೆ, ಓದಿ ಓದಿ ಹರಿದು ನನ್ನ ಹತ್ರ ಬರ್ತವೆ. ಇವಕ್ಕೆ ಯಾರಿದಾರೆ? ಇವು ಬರೋದು ಹುಳ ತಿಂದ ಮೇಲೇ” ಅನ್ನುತ್ತಿದ್ದ. ಪುಸ್ತಕ ಹುಡುಕುವ ರೀತಿಯೂ ಅವನದೇ. ಹೆಸರು ನೋಡುವುದಿಲ್ಲ, ಬರೆದವರು ಯಾರು ಅಂತಲೂ ನೋಡುವುದಿಲ್ಲ. ಕಪಾಟಿನ ಕೆಳಗಿನ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದರ ಬೆನ್ನ ಮೇಲೂ ಹೆಬ್ಬೆರಳು ಆಡಿಸುವುದು. ಹೊಲಿಗೆ ಬಿಗಿಯಾಗಿದ್ದರೆ ಯಾರೂ ಬಿಚ್ಚಿಲ್ಲ ಅಂತ ಅರ್ಥ. ಅಂಥದ್ದನ್ನು ತೆಗೆದು ನೋಡುತ್ತಿದ್ದ. ಬರೆದವನ ದೊಡ್ಡ ಫೋಟೋ ಇದ್ದರೆ ವಾಪಸ್ಸು ಕಪಾಟಿಗೆ. ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಇದ್ದರೆ ಅವನ ಮುಖ ಅರಳುತ್ತಿತ್ತು. “ಅಚ್ಚಾದ ಮೇಲೂ ಕೂತು ತನ್ನ ತಪ್ಪು ತಾನೇ ಹುಡುಕಿದಾನೆ ನೋಡು. ಇಂಥವನನ್ನ ನಂಬಬಹುದು.”

ಹೀಗೆ ನನ್ನ ತಲೆಗೆ ಕಟ್ಟಿದ ಪುಸ್ತಕ ಒಂದೆರಡಲ್ಲ. ಉಪ್ಪಿನ ಗೋದಾಮಿನ ಕಾವಲುಗಾರ ತೇವದ ಬಗ್ಗೆ ಬರೆದದ್ದು, ತಕ್ಕಡಿ ರಿಪೇರಿಯವನು ತೂಕದ ಮೋಸಗಳ ಬಗ್ಗೆ ಬರೆದದ್ದು, ಜೈಲಿನ ಡಾಕ್ಟರು ಕೈದಿಗಳ ಹಲ್ಲಿನ ಬಗ್ಗೆ ಬರೆದ ನೂರಿಪ್ಪತ್ತು ಪುಟ. ಬೈದುಕೊಂಡೇ ಶುರು ಮಾಡುತ್ತಿದ್ದೆ. ಹಲ್ಲಿನ ಪುಸ್ತಕ ಮುಗಿಸಿದ ಮೇಲೆ ಒಂದು ವಾರ ಕೌಂಟರಿಗೆ ಬಂದವರ ಬಾಯಿಯನ್ನೇ ನೋಡುತ್ತಿದ್ದೆ. ಅವನು ಆರಿಸಿದ್ದು ಒಂದೂ ಹುಸಿಹೋಗಲಿಲ್ಲ. ಅದನ್ನು ಅವನಿಗೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ, ಹೇಳಿದ್ದರೆ ವಾರಕ್ಕೆ ಎರಡು ತರುತ್ತಿದ್ದ. ಬೇರೆ ಯಾರೂ ಮಾತ್ರ ಅವುಗಳನ್ನು ಮುಟ್ಟಲಿಲ್ಲ. ಕೌಂಟರಿನ ಪಕ್ಕ ಸ್ಟೂಲಿನ ಮೇಲೆ ಜೋಡಿಸಿಟ್ಟರೆ ಜನ ಅವುಗಳ ಮೇಲೆ ಛತ್ರಿ ಇಟ್ಟು ಪೇಪರು ಓದಲು ಹೋಗುತ್ತಿದ್ದರು.

ಈ ವರ್ಷ ನಮ್ಮ ಕಟ್ಟಡದ ಅರ್ಧ ಭಾಗ ಬೇರೆ ಯಾವುದೋ ಆಫೀಸಿಗೆ ಬೇಕಾಯಿತು. ಹದಿನೈದು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸಿ ಅಂತ ಆರ್ಡರು ಬಂತು. ಗೋಂದಣ್ಣನ ನಿವೃತ್ತಿಯೂ ಅದೇ ತಿಂಗಳ ಕೊನೆಗೆ. ಜೀವಮಾನವಿಡೀ ಹೊಲಿದದ್ದನ್ನು ಕೊನೆಯ ತಿಂಗಳು ಗೋಣಿಚೀಲಕ್ಕೆ ತುಂಬುವುದು ಅವನ ಪಾಲಿಗೇ ಬಂತು. ಸೊಂಟ ಹಿಡಿದುಕೊಂಡು ತುಂಬಿದ. ಮಾತು ನಿಂತೇಹೋಗಿತ್ತು. ಸೋಮವಾರದ ಪುಸ್ತಕವೂ ನಿಂತಿತು. ನನಗೂ ಸಾಕುಸಾಕಾಗಿತ್ತು, ಕಳಿಸುವ ಪುಸ್ತಕಗಳ ಹೆಸರಿಗೆ ಪಟ್ಟಿಯಲ್ಲಿ ಗೆರೆ ಎಳೆದು ಎಳೆದು ಮಣಿಕಟ್ಟು ಊದಿಕೊಂಡಿತ್ತು.

ಆ ಗಲಾಟೆಯ ನಡುವೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರು. ‘ಮೆಟ್ಟಿಲು: ಅಳತೆ ಮತ್ತು ಅನುಭವ’ ಅನ್ನುವ ಪುಸ್ತಕ ಬೇಕು ಅಂದಳು.

“ನಮ್ಮ ತಂದೆ ಬರೆದಿದ್ದು ಮೇಡಂ. ಪೋಸ್ಟ್‌ಮ್ಯಾನ್ ಆಗಿದ್ರು. ಇಪ್ಪತ್ತೇಳು ವರ್ಷ ಈ ಊರಿನ ಮೆಟ್ಟಿಲೆಲ್ಲ ಹತ್ತಿ ಇಳಿದು ಮೊಣಕಾಲು ಕಳ್ಕೊಂಡ್ರು. ಎಷ್ಟು ಎತ್ತರ ಇದ್ರೆ ಕಾಲಿಗೆ ಸುಖ, ಎಲ್ಲಿ ಜನ ಎಡವ್ತಾರೆ, ಎಲ್ಲಾ ಅಳೆದು ಬರೆದಿದ್ರು. ಮನೆಯಲ್ಲಿದ್ದ ಪ್ರತಿಗಳನ್ನ ಗೆದ್ದಲು ತಿಂತು. ನಾವು ಯಾರೂ ಓದಿರಲಿಲ್ಲ. ಮೆಟ್ಟಿಲಿನ ಬಗ್ಗೆ ಏನಿರತ್ತೆ ಅಂತ ಆಡ್ಕೊಂಡು ನಗ್ತಿದ್ವಿ.”

ಅವಳು ಚೀಲದಿಂದ ಒಂದು ಪುಟ್ಟ ಡೈರಿ ತೆಗೆದಳು. ತಂದೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಈಚೆಗೆ ತಾಯಿಯೂ ಹೋದ ಮೇಲೆ ಪೆಟ್ಟಿಗೆ ಖಾಲಿ ಮಾಡುವಾಗ ಸಿಕ್ಕಿದ್ದಂತೆ. ಪ್ರತಿ ತಿಂಗಳ ಮೊದಲ ಶನಿವಾರ ಅದರಲ್ಲಿ ಒಂದೇ ಸಾಲು: ‘ಲೈಬ್ರರಿಗೆ ಹೋದೆ. ಪುಸ್ತಕ ಇಲ್ಲ. ಯಾರೋ ಒಯ್ದಿದ್ದಾರೆ.’

“ಆರು ವರ್ಷ ಹೀಗೇ ಬರೆದಿದಾರೆ ಇಂಥ ಡೈರಿಗಳಲ್ಲಿ. ಆ ದಿನ ಮನೆಗೆ ಬಂದ್ರೆ ಮುಖ ಊರಗಲ. ಅಷ್ಟು ಜನ ಓದಿದಾರಲ್ಲ ಮೇಡಂ, ಅವರಲ್ಲಿ ಒಬ್ಬರ ವಿಳಾಸ ಕೊಡಿ ಸಾಕು. ಹೋಗಿ ಮಾತಾಡ್ಬೇಕು. ಮನೆಯವರೇ ಓದದ ಪುಸ್ತಕದಲ್ಲಿ ಅವರಿಗೆ ಏನು ಹಿಡಿಸ್ತು ಅಂತ ಕೇಳ್ಬೇಕು.”

ಹಳೆಯ ರಿಜಿಸ್ಟರು ತೆಗೆದೆ. ಪುಸ್ತಕದ ನಂಬರು ಇತ್ತು, ಹೆಸರಿತ್ತು. ಒಯ್ದವರ ಕಾಲಂ ಮೇಲಿಂದ ಕೆಳಗಿನವರೆಗೆ ಬಿಳಿ. ಒಬ್ಬರೂ ಒಯ್ದಿಲ್ಲ. ಕಪಾಟಿನಲ್ಲಿ ನೋಡಿದರೆ ಅಲ್ಲೂ ಪುಸ್ತಕವಿಲ್ಲ. “ನಾಳೆ ಬನ್ನಿ, ಹುಡುಕಿಡ್ತೀನಿ” ಅಂತ ಸಾಗಹಾಕಿದೆ. ಅವಳು ಬಾಗಿಲ ತನಕ ಹೋಗಿ, ತಿರುಗಿ ನಿಂತು, “ಒಬ್ಬರಾದ್ರೂ ಸಾಕು ಮೇಡಂ” ಅಂದಳು.

ಮಧ್ಯಾಹ್ನ ಟೀ ಕುಡಿಯುವಾಗ ಗೋಂದಣ್ಣನಿಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ. ಎದ್ದು ಸೀದಾ ಚೀಲಗಳಿದ್ದ ಹಿಂದಿನ ವರಾಂಡಕ್ಕೆ ಹೋಗಿ ಒಂದರ ಬಾಯಿ ಬಿಚ್ಚಿ ನೆಲಕ್ಕೆ ಸುರಿದ. ಮೂರು ವಾರ ತುಂಬಿದ್ದನ್ನು!

“ತಲೆಗಿಲೆ ಕೆಟ್ಟಿದೆಯಾ ಅಣ್ಣಾ? ನಾಡಿದ್ದು ಲಾರಿ ಬರತ್ತೆ.”

“‘ನೋಂದಣಿ ನಿಯಮಗಳ ತಿದ್ದುಪಡಿ, ಎರಡನೇ ಸಂಪುಟ.’ ಕಂದು ಬಟ್ಟೆಯ ರಟ್ಟು. ನೀನೂ ಹುಡುಕು” ಅಂದ.

“ಅವಳು ಕೇಳಿದ್ದು ಮೆಟ್ಟಿಲು.”

“ಅದರೊಳಗೇ ಇದೆ ಮೆಟ್ಟಿಲು.”

ಎರಡನೇ ಚೀಲ, ಮೂರನೇ ಚೀಲ ಸುರಿಯುತ್ತ ಒಂದೊಂದೇ ಮಾತು ಹೊರಗೆ ಬಂತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದೇ ದಿನ ಒಂದೇ ಅಳತೆಯ ಎರಡು ಪುಸ್ತಕ ರಟ್ಟು ಕಟ್ಟಲು ಬಂದಿದ್ದವು. ನಿಯಮಗಳ ರಟ್ಟಿನೊಳಗೆ ಮೆಟ್ಟಿಲನ್ನು ಕೂರಿಸಿ ಗೋಂದು ಹಚ್ಚಿಬಿಟ್ಟಿದ್ದ. ಗೊತ್ತಾಗುವ ಹೊತ್ತಿಗೆ ಒಣಗಿತ್ತು. ಕಿತ್ತರೆ ಮೊದಲ ಪುಟ, ಕೊನೆಯ ಪುಟ ಎರಡೂ ಹರಿದು ಬರುತ್ತಿದ್ದವು. ಹಿಂದಿನ ತಿಂಗಳು ತಾನೇ ಒಂದು ಪುಸ್ತಕ ಹಾಳು ಮಾಡಿ ಬೈಸಿಕೊಂಡಿದ್ದ. ಕೆಲಸ ಕಾಯಂ ಆಗಿರಲಿಲ್ಲ. ಉಳಿದ ನಿಯಮಗಳ ಹಾಳೆಗಳನ್ನೂ ಮೆಟ್ಟಿಲಿನ ರಟ್ಟನ್ನೂ ರದ್ದಿಗೆ ಸೇರಿಸಿ ಕೈತೊಳೆದುಕೊಂಡ. ಯಾರು ಕೇಳುತ್ತಾರೆ ಅಂದುಕೊಂಡಿದ್ದ.

“ಮುಂದಿನ ತಿಂಗಳೇ ಬರೆದವರು ಬಂದ್ರು. ಖಾಕಿ ಹಾಕ್ಕೊಂಡು, ಕುಂಟ್ತಾ. ಕಪಾಟಿನ ಹತ್ರ ನಾನೇ ಇದ್ದೆ. ‘ನನ್ನ ಪುಸ್ತಕ ಕಾಣ್ತಿಲ್ವಲ್ಲ, ಯಾರಾದ್ರೂ ಒಯ್ದಿದಾರಾ’ ಅಂತ ಕೇಳಿದ್ರು. ನನಗೆ ಬಾಯಿಗೆ ಬಂದಿದ್ದು ಹೂಂ. ಅವರ ಮುಖ ನೋಡ್ಬೇಕಿತ್ತು ನೀನು.”

“ಕೆಲಸ ಕಾಯಂ ಆದ ಮೇಲಾದ್ರೂ ಹೇಳಬಹುದಿತ್ತು.”

“ಅಷ್ಟೊತ್ತಿಗೆ ಎರಡು ವರ್ಷದಿಂದ ಬರ್ತಿದ್ರು. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಮ್ಮ?”

ಹದಿನಾಲ್ಕನೇ ಚೀಲದಲ್ಲಿ ಸಿಕ್ಕಿತು. ಬಿಚ್ಚಿ ನೋಡಿದೆ. ಬೆನ್ನಿನ ಹೊಲಿಗೆ ಸಡಿಲ ಸಡಿಲವಾಗಿ ಜೋತಾಡುತ್ತಿತ್ತು, ಅಂಚುಗಳಲ್ಲಿ ಗೋಂದಿನ ಬೆರಳಚ್ಚು. ತಾರೀಕು ಒತ್ತುವ ಚೀಟಿ ಮಾತ್ರ ಖಾಲಿ. ಮಧ್ಯಾಹ್ನದ ಬಿಡುವಿನಲ್ಲಿ ಕಪಾಟಿನಿಂದ ತೆಗೆದು ಓದುವುದು, ಮತ್ತೆ ಅಲ್ಲೇ ಇಡುವುದು, ವರ್ಷಗಟ್ಟಲೆ ಹೀಗೇ ಮಾಡಿದ್ದನಂತೆ. ಮನೆಗೆ ಒಯ್ದರೆ ಕಳ್ಳತನ ಅಂತೆ. ಅದನ್ನೂ ತಾನೇ ಚೀಲಕ್ಕೆ ತುಂಬಿದ್ದ ಮಹಾನುಭಾವ!

ನನಗೆ ಅವನ ಮೇಲೆ ಸಿಟ್ಟು ಬಂತು, ಆ ಹೆಂಗಸನ್ನು ನೆನೆದು ಅಯ್ಯೋ ಅನ್ನಿಸಿತು. “ಸೀಲು ನನ್ನ ಕೈಲಿದೆ” ಅಂದೆ. “ಹತ್ತು ಹದಿನೈದು ಹಳೇ ತಾರೀಕು ಒತ್ತಿಬಿಡ್ತೀನಿ. ಓದಿದವರು ಊರು ಬಿಟ್ಟು ಹೋದ್ರು ಅಂದ್ರಾಯ್ತು. ಅವಳು ನೆಮ್ಮದಿಯಾಗಿ ಮನೆಗೆ ಹೋಗ್ತಾಳೆ.”

“ಬೇಡ. ನನ್ನ ಸುಳ್ಳೇ ಸಾಕು” ಅಂದ. ಹದಿನಾಲ್ಕು ಚೀಲದ ಪುಸ್ತಕಗಳನ್ನು ಮತ್ತೆ ತುಂಬುವಷ್ಟರಲ್ಲಿ ಇಬ್ಬರ ಸೊಂಟವೂ ಬಿದ್ದುಹೋಯಿತು.

ಮರುದಿನ ಟೀಚರು ಬಂದಾಗ ಬೈಂಡಿಂಗ್ ಕೋಣೆಗೆ ಕರೆದುಕೊಂಡು ಹೋದೆ. ಮಹಡಿ ಮೆಟ್ಟಿಲಿನ ಕೆಳಗಿರುವ ಗೂಡು ಅದು, ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಗೋಂದಣ್ಣ ಅವಳನ್ನು ಕೂರಿಸಿ, ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು ಒಂದನ್ನೂ ಬಿಡದೆ ಹೇಳಿದ. ರಟ್ಟು, ರದ್ದಿ, ಪ್ರತಿ ತಿಂಗಳ ಹೂಂ. “ಯಾರೂ ಒಯ್ದಿರಲಿಲ್ಲ ಅಮ್ಮ. ಓದಿದವನು ನಾನೊಬ್ಬನೇ.”

ಅವಳು ಪುಸ್ತಕದ ಸಡಿಲ ಬೆನ್ನನ್ನು ಸವರಿದಳು. ಬೈಯುತ್ತಾಳೆ ಅಂತ ನಾನು ಕಾಯುತ್ತಿದ್ದೆ, ಬೈದಿದ್ದರೆ ಒಳ್ಳೆಯದಿತ್ತು.

“ಎಷ್ಟು ಸಲ ಓದಿದ್ರಿ?” ಅಂದಳು.

“ಲೆಕ್ಕ ಇಟ್ಟಿಲ್ಲ. ಹತ್ತಕ್ಕಿಂತ ಜಾಸ್ತಿ.”

“ಏನಿದೆ ಅದರಲ್ಲಿ?”

ಆಮೇಲೆ ಗೋಂದಣ್ಣ ಮಾತಾಡಿದಷ್ಟು ನಾನು ಇಪ್ಪತ್ತೈದು ವರ್ಷದಲ್ಲಿ ಕೇಳಿರಲಿಲ್ಲ. ಪುಟ ತಿರುವಲೇ ಇಲ್ಲ, ಎಲ್ಲಾ ಬಾಯಿಪಾಠ. ಬಸುರಿ ಹೆಂಗಸು ಮೆಟ್ಟಿಲ ಯಾವ ಅಂಚಿನಲ್ಲಿ ಕಾಲಿಡುತ್ತಾಳೆ, ತೂಕ ಹೊತ್ತವನು ಎಷ್ಟನೇ ಮೆಟ್ಟಿಲಲ್ಲಿ ಉಸಿರು ಬಿಡುತ್ತಾನೆ, ಸಾವಿನ ತಂತಿ ಕೊಡಲು ಹತ್ತುವಾಗ ಪೋಸ್ಟ್‌ಮ್ಯಾನಿಗೆ ಯಾವ ಮೆಟ್ಟಿಲೂ ಚಿಕ್ಕದಲ್ಲ ಅಂತ ಅವಳ ಅಪ್ಪ ಬರೆದದ್ದು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು.

“ಪುಟ ಅರವತ್ತೊಂದು ಮಾತ್ರ ತಪ್ಪು” ಅಂದ ಕೊನೆಗೆ. “ಒಂದು ಮೆಟ್ಟಿಲು ಉಳಿದವಕ್ಕಿಂತ ಬೆರಳಷ್ಟು ಎತ್ತರ ಇದ್ರೆ ಜನ ಇಳಿಯೋವಾಗ ಎಡವ್ತಾರೆ ಅಂತ ಬರೆದಿದಾರೆ. ಈ ನಮ್ಮ ತಲೆ ಮೇಲಿನ ಮೆಟ್ಟಿಲಲ್ಲಿ ಏಳನೇದು ಹಾಗಿದೆ. ನಾನು ಕೆಳಗೆ ಕೂತು ಕೇಳಿಸ್ಕೊಂಡಿದೀನಲ್ಲ ಅಮ್ಮ, ಎಡವೋರೆಲ್ಲ ಹತ್ತೋವಾಗಲೇ. ಇಳಿಯೋವಾಗ ಒಬ್ಬರೂ ಇಲ್ಲ.”

ಟೀಚರು ಪುಸ್ತಕದ ಕೊನೆಯ ಪುಟ ತೆರೆದಳು. ತಪ್ಪು-ಒಪ್ಪುಗಳ ಪಟ್ಟಿಯ ಕೆಳಗೆ ಮನೆಯ ವಿಳಾಸವಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಇನ್ನೂ ತಪ್ಪು ಕಂಡವರು ದಯವಿಟ್ಟು ಕಾಗದ ಬರೆಯಬೇಕು.’ ಅವಳು ಅದನ್ನು ಎರಡು ಸಲ ಓದಿದಳು.

“ಊರಿಗೆಲ್ಲ ಕಾಗದ ಹಂಚಿದೋರು” ಅಂದಳು. “ನಿವೃತ್ತಿ ಆದ ಮೇಲೂ ದಿನಾ ಹನ್ನೊಂದು ಗಂಟೆಗೆ ಬಾಗಿಲಲ್ಲಿ ನಿಂತಿರ್ತಿದ್ರು. ಯಾಕಪ್ಪಾ ಅಂದ್ರೆ ಸುಮ್ನೆ ಅಂತಿದ್ರು. ಪುಸ್ತಕದ ಬಗ್ಗೆ ಒಂದು ಕಾಗದನೂ ಬರಲಿಲ್ಲ.”

ಗೋಂದಣ್ಣ ತಲೆ ತಗ್ಗಿಸಿ ಬೆರಳಿಗಂಟಿದ್ದ ಒಣ ಗೋಂದು ಕೀಳುತ್ತಿದ್ದ.

“ಒಂದು ಕಾರ್ಡು ಹಾಕಬಹುದಿತ್ತಲ್ಲ ನೀವು. ಪುಟ ಅರವತ್ತೊಂದು ತಪ್ಪು ಅಂತ. ಹೆಸರು ಬರೀದೆ ಇದ್ರೂ ಆಗ್ತಿತ್ತು.”

ಗೋಂದಣ್ಣ ತಲೆಯೆತ್ತಿ ಅವಳನ್ನೇ ನೋಡಿದ. ಆ ದಾರಿಯೂ ಇತ್ತು ಅನ್ನುವುದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ.