ತಡ ಎಲ್ಲಿ ಆತು

ಮಾಸ್ತರ ಬಲಗೈ ತೋರುಬೆರಳಿನ ಉಗುರು ಎರಡಾಗಿ ಸೀಳಿಕೊಂಡಿತ್ತು. ಯಾವ ಕಾಲದಲ್ಲೋ ಕೇಬಲ್ ಕತ್ತರಿಸುವಾಗ ಆದದ್ದು, ಆಮೇಲೆ ಕೂಡಿಕೊಳ್ಳಲೇ ಇಲ್ಲ. ನಮ್ಮನ್ನು ಏನಾದರೂ ಕೇಳಿದರೆ, ಉತ್ತರ ಬರುವವರೆಗೂ ಆ ಬೆರಳಿನಿಂದ ಮೇಜಿನ ಮೇಲೆ ಟಕ್ ಟಕ್ ಎಂದು ಎಣಿಸುತ್ತ ಕೂರುತ್ತಿದ್ದರು. ನನ್ನ ಸರದಿ ಬಂದಾಗ ಎಣಿಕೆ ಏಳೆಂಟರವರೆಗೂ ಹೋಗುತ್ತಿತ್ತು. ಉತ್ತರ ಸರಿ ಇದ್ದರೆ ಬೆರಳು ಕೊನೆಗೊಮ್ಮೆ ಮೇಜಿಗೆ ತಾಗಿ ನಿಲ್ಲುತ್ತಿತ್ತು.

ಅವರು ಶಾಲೆಯ ಮಾಸ್ತರಲ್ಲ. ಚಿಂಚವಾಡದ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ವಿಜಯಪುರದ ಕಡೆಯವರು. ತುಮಕೂರಿನಿಂದ ಮೊದಲ ಕೆಲಸಕ್ಕೆ ಬಂದ ನಾನು ಅವರ ಕೈಕೆಳಗೆ ಬಿದ್ದೆ. ದೂರಿನ ಪುಸ್ತಕದಲ್ಲಿ ನಾನು ‘ನೆಟ್ ಸ್ಲೋ’ ಎಂದು ಬರೆದಿದ್ದಕ್ಕೆ ಆ ಹಾಳೆ ಹರಿದು ಕಿಸೆಗಿಟ್ಟುಕೊಂಡು, ನನ್ನನ್ನು ಎದುರಿನ ಉಡುಪಿ ಹೋಟೆಲಿಗೆ ಕರೆದೊಯ್ದರು.

“ದೋಸಿ ಯಾಕ ತಡ ಆತು, ಹೇಳು ತಂಗಿ,” ಎಂದರು. ಬೆರಳು ನಾಲ್ಕು ಎಣಿಸಿತು. ಆಮೇಲೆ ತಾವೇ ಹೇಳಿದರು: “ಚೀಟಿ ಓದಾಕ ಒಂದ್ ತಡ. ಮುಂದಿನವರದು ಮುಗಿಯೂತನಕ ಸಾಲಿನ್ಯಾಗ ನಿಂದ್ರಾಕ ಒಂದ್. ಆದದ್ದನ್ನ ತಾಟಿಗೆ ಏರಸಾಕ ಒಂದ್. ಅಲ್ಲಿಂದ ಇಲ್ಲಿತನಕ ನಡದು ಬರಾಕ ಒಂದ್. ನೆಟ್ಟಿನ್ಯಾಗೂ ಈ ನಾಕ. ಸಾಲಿನ ತಡ ಹೊತ್ತಿಗೊಂದ್ ನಮೂನಿ. ಹಾದಿ ತಡ ಮಾತ್ರ ಯಾರು ಬಂದ್ರೂ ಕಡಿಮಿ ಆಗಂಗಿಲ್ಲ. ಸ್ಲೋ ಅಂತ ಬರಿಬ್ಯಾಡ. ತಡ ಎಲ್ಲಿ ಆತು, ಅದನ್ನ ಬರಿ.”

ಒಮ್ಮೆ ಉಗ್ರಾಣದ ಕಂಪ್ಯೂಟರ್ ಪ್ರತಿಯೊಂದಕ್ಕೂ ತಡವಾಗಿ ಉತ್ತರಿಸುತ್ತಿತ್ತು. ನಾನು ಎರಡು ದಿನ ಕೇಬಲ್ ಬದಲಿಸಿ ಬದಲಿಸಿ ಸುಸ್ತಾದೆ. ಮಾಸ್ತರು ಬಂದು ಅದೇ ವಾಯರಿಗೆ ಪಕ್ಕದ ಕಂಪ್ಯೂಟರನ್ನು ಸಿಕ್ಕಿಸಿದರು. ಅದು ಸಲೀಸಾಗಿ ಓಡಿತು. “ಸುಮ್ಮನ ವಾಯರಿಗೆ ಬೈಬ್ಯಾಡ. ಅದ ವಾಯರಿನ ಮ್ಯಾಲೆ ಇನ್ನೊಬ್ಬರನ್ನ ಮಾತಾಡಿಸಿ ನೋಡು,” ಎಂದರು. ಆ ಒಂದು ಮಾತಿನಿಂದ ನಾನು ಇವತ್ತಿಗೂ ಅನ್ನ ತಿನ್ನುತ್ತಿದ್ದೇನೆ.

ಅವರು ನಿವೃತ್ತರಾಗಿ ನಿಗಡಿಯ ಮನೆಯಲ್ಲಿ ಉಳಿದರು. ನಾನು ಕೆಲಸ ಬದಲಿಸಿ ಕೊಂಢವಾಕ್ಕೆ ಬಂದೆ. ಒಂದೇ ಊರು, ಆದರೆ ಆಚೆ ತುದಿ ಈಚೆ ತುದಿ. ಟ್ರಾಫಿಕ್ಕಿನ ನೆಪ ಹೇಳಿ, ಹೋಗುವುದನ್ನು ಬಿಟ್ಟು ಭಾನುವಾರ ವಿಡಿಯೊ ಕರೆ ಮಾಡುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ಮೊದಲು ಮಾತಾಡಿದವರು ಅವರ ಹೆಂಡತಿ. “ಮುಂದಿನ ವಾರ ಖಂಡಿತ ಬರ್ತೀನಿ ಆಂಟಿ” ಎನ್ನುವುದರೊಳಗೆ, “ಹಂಗಂತ ಎಷ್ಟ್ ವಾರ ಆತವಾ,” ಎಂದು ನನ್ನ ಬಾಯಿ ಮುಚ್ಚಿಸಿ, ಫೋನನ್ನು ಮಾಸ್ತರ ಮುಂದಿಟ್ಟು ತರಕಾರಿ ತರಲು ಹೊರಟರು.

“ತಿಂಡಿ ಆಯ್ತಾ ಸರ್?” ಎಂದೆ. ಮಾಸ್ತರು ನನ್ನನ್ನೇ ನೋಡುತ್ತಿದ್ದರು. ಎಷ್ಟೋ ಹೊತ್ತಿಗೆ “ಆತು” ಎಂದರು. ಇನ್ನೊಂದು ಕೇಳಿದೆ. ಮತ್ತೆ ಅಷ್ಟೇ ತಡ. ಬೆರಳು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

“ಸರ್, ನಿಮ್ ಕಡೆ ಲೈನ್ ತುಂಬಾ ಲೇಟ್ ಇದೆ. ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ,” ಎಂದೆ, ದೊಡ್ಡ ಜಾಣೆಯ ಹಾಗೆ.

ನನ್ನ ಮಾತು ಕೇಳಿ ಅವರು ಗೋಡೆ ಹಿಡಿದು ಎದ್ದರು. ಸ್ವಲ್ಪ ಹೊತ್ತಿಗೆ ಕರೆ ಕಡಿದುಹೋಯಿತು. ರೌಟರ್ ಆರಿಸಿದ್ದಾರೆ ಎಂದುಕೊಂಡು ನಾನು ಬಟ್ಟೆ ಒಗೆಯಲು ಹೋದೆ.

ಹೆಂಡತಿ ಮರಳಿದಾಗ ಮಾಸ್ತರು ರೌಟರಿನ ಕೆಳಗೆ ನೆಲದ ಮೇಲೆ ಬಿದ್ದಿದ್ದರಂತೆ. ಲಕ್ವ. ಇನ್ನಷ್ಟು ಬೇಗ ಆಸ್ಪತ್ರೆಗೆ ತಂದಿದ್ದರೆ ಬಲಗೈ ಉಳಿಯುತ್ತಿತ್ತೇನೋ ಎಂದರಂತೆ ಡಾಕ್ಟರು.

ಮೂರು ವಾರಕ್ಕೆ ಅವರನ್ನು ಮನೆಗೆ ಕರೆತಂದ ಮೇಲೆ, ಕೊನೆಗೂ ಹೋದೆ. ಮಂಚದ ಪಕ್ಕ ಕೂತು ಹೇಳಿಬಿಟ್ಟೆ: “ಸರ್, ನಾನು ಲೈನ್ ಪ್ರಾಬ್ಲಮ್ ಅಂದ್ಕೊಂಡೆ. ತಪ್ಪಾಯ್ತು.”

ಈ ಸಲ ಉತ್ತರಕ್ಕೆ ನಾನು ಕಾದೆ. ಎಡಗೈ ಬೆರಳು ಚಾದರದ ಮೇಲೆ ನಿಧಾನವಾಗಿ ಎದ್ದಿತು.

“ಆಕಿ ಮಾತ... ತಡ ಬಂತೇನ?” ಎಂದರು.

ಅದೇ ವಾಯರು, ಇನ್ನೊಬ್ಬರು: ಆ ಭಾನುವಾರ ಮೊದಲು ಮಾತಾಡಿದ ಅವರ ಹೆಂಡತಿ. ನಾನು ತಲೆ ತಗ್ಗಿಸಿದೆ. “ಇಲ್ಲ ಸರ್. ಅವರದು ತಕ್ಷಣ ಬಂತು.”

ಬೆರಳು ಒಮ್ಮೆ ಚಾದರಕ್ಕೆ ತಾಗಿತು, ಉತ್ತರ ಸರಿ ಇದ್ದಾಗ ತಾಗುತ್ತಿದ್ದ ಹಾಗೆ. ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ನಾನು ಮಾತು ಬದಲಿಸಿದೆ.

ಮಾಸ್ತರು ಆ ಮಳೆಗಾಲ ದಾಟಲಿಲ್ಲ. ಈಗ ಪ್ರತಿ ಭಾನುವಾರ ಬಸ್ಸು ಹತ್ತಿ ನಿಗಡಿಗೆ ಹೋಗುತ್ತೇನೆ. “ಆ ಹೊತ್ತಿನ್ಯಾಗ ನೀನರ ಫೋನ್ ಇಡದಿದ್ರ ಗೊತ್ತಾಗ್ತಿತ್ತಲ್ಲವಾ,” ಎನ್ನುತ್ತಾರೆ ಅವರ ಹೆಂಡತಿ, ಕರೆ ನಾನೇ ಮುಗಿಸಿದೆ ಎಂದುಕೊಂಡು. ಮಾಸ್ತರನ್ನು ರೌಟರಿನ ಹತ್ತಿರ ಎಬ್ಬಿಸಿ ಕಳಿಸಿದವಳು ನಾನೇ ಎಂದು ಇನ್ನೂ ಹೇಳಿಲ್ಲ. ತಡ ಎಲ್ಲಿ ಆತು ಎಂದು ಮಾಸ್ತರು ಕೇಳಿದರೆ ಉತ್ತರ ಗೊತ್ತಿದೆ. ನನ್ನ ತುದಿಯಲ್ಲಿ.