ಕಾಕಾನ ಎಡಗಾಲು

ಗೆಳೆಯರೇ, ಇವತ್ತು ನಮ್ಮ ಚಿಕ್ಕೋಡಿ ಗ್ಯಾರೇಜಿನಲ್ಲಿ ಒಂದು ಗೇರ್‌ಬಾಕ್ಸ್ ಸ್ವಲ್ಪದರಲ್ಲೇ ಪಾರಾಯಿತು.

ಶಿರಗುಪ್ಪಿಯ ಕಬ್ಬು ಬೆಳೆಯುವ ಕಾಕಾ ಒಬ್ಬರು ತಮ್ಮ ಹೊಸ ಆಟೋಮ್ಯಾಟಿಕ್ ಕಾರು ತಂದಿದ್ದರು. "ಇಂಜಿನ್ ಒದರತೈತಿ, ಗಾಡಿ ಜೋರ ಓಡೂದಿಲ್ಲ. ಒಳಗಿನ ಕ್ಲಚ್ ಜಾರಾಕತ್ತೈತಿ ಅಂತ ಮಿರಜದಾಗ ಯಾರೋ ಹೇಳ್ಯಾರ. ಗೇರ್‌ಬಾಕ್ಸ್ ಬಿಚ್ಚಿಬಿಡಪಾ" ಎಂದರು.

ಸ್ಕ್ಯಾನರ್ ಜೋಡಿಸಿ ಮೊದಲು ನಾನೇ ಓಡಿಸಿದೆ. ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರಿನ ಒಳಗಿನ ಕ್ಲಚ್ ಗಟ್ಟಿಯಾಗಿ ಹಿಡಿಯಿತು, ಇಂಜಿನ್ನಿನ ಆರ್‌ಪಿಎಂ ಅಲುಗಲಿಲ್ಲ. ಕಾಕಾ ಓಡಿಸಿದಾಗ ಕ್ಲಚ್ ಹಿಡಿಯಲೇ ಇಲ್ಲ, ಆರ್‌ಪಿಎಂ ಏರಿತು.

"ನೋಡಪಾ, ನಾ ಸುಳ್ಳ ಹೇಳತೇನೇನ?" ಎಂದು ಗೆದ್ದವರಂತೆ ನನ್ನತ್ತ ತಿರುಗಿದರು.

ನಾನು ಕೆಳಗೆ ನೋಡಿದೆ. ಅವರ ಎಡಗಾಲು ಬ್ರೇಕಿನ ಮೇಲೆ ಆರಾಮಾಗಿ ಕೂತಿತ್ತು. ಬ್ರೇಕನ್ನು ಸ್ವಲ್ಪ ಒತ್ತಿದರೂ ಸಾಕು, ಆ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

"ಕಾಕಾ, ಆ ಕಾಲ ಅಲ್ಲ್ಯಾಕ ಇಟ್ಟೀರಿ?"

"ಟ್ರ್ಯಾಕ್ಟರ್ ಕ್ಲಚ್ ಮ್ಯಾಲ ಇಟ್ಟ ಇಟ್ಟ ರೂಢಿ ಆಗೈತೋ ತಮ್ಮಾ. ಖಾಲಿ ಬಿಟ್ರ ಅದಕ್ಕ ಹೊತ್ತ ಹೋಗೂದಿಲ್ಲ."

ವಿಷಯ ತಿಳಿದ ಮೇಲೆ ಕಾಕಾ ತಾವೇ ಆ ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡರು. ಅರ್ಧ ಚಕ್ಕಳಮಕ್ಕಳ ಹಾಕಿ, ನಗುತ್ತ ಊರಿಗೆ ಹೊರಟರು. ಕಾರು ಬೆಣ್ಣೆಯಂತೆ ಹೋಯಿತು.

ಇಷ್ಟೆಲ್ಲ ರಿಪೇರಿಯಲ್ಲಿ ಬಿಚ್ಚಿದ್ದು ಒಂದೇ ಒಂದು: ಕಾಕಾನ ಎಡಗಾಲಿನ ಚಪ್ಪಲಿ.